ವಿದ್ಯುತ್ ಸೈಕಲ್ಲು: ಸವಾರಿಯ ಕ್ರಮ ಮತ್ತು ಬ್ಯಾಟರಿಯ ಪಾಲನೆ

(ಜಗಳೂರು ತಾಲ್ಲೂಕಿನ ರೈತರನ್ನೂ ವಿಸ್ತರಣಾ ಕಾರ್ಯಕರ್ತರನ್ನೂ ಉದ್ದೇಶಿಸಿದ ಭಾಷಣದ ಬರಹ ರೂಪ)

ಜಗಳೂರು ತಾಲ್ಲೂಕು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೇಸಾಯದ ಸೀಮೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೂ ಅಲ್ಲಿಂದೀಚೆಗೆ ದಾವಣಗೆರೆ ಜಿಲ್ಲೆಗೂ ಸೇರಿರುವ ಈ ತಾಲ್ಲೂಕಿನಲ್ಲಿ ಕಸಬಾ, ಬಿಳಿಚೋಡು, ಸೊಕ್ಕೆ ಎಂಬ ಮೂರು ಹೋಬಳಿಗಳಿವೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ರಾಗಿ ಇಲ್ಲಿನ ಪರಿಚಿತ ಬೆಳೆಗಳು. ಊರಿಂದ ಹೊಲಕ್ಕೆ, ಹೊಲದಿಂದ ಹಾಲಿನ ಡೇರಿಗೆ, ಬೀಜ ಗೊಬ್ಬರಕ್ಕೆಂದು ರೈತ ಸಂಪರ್ಕ ಕೇಂದ್ರಕ್ಕೆ, ಸಾಲ ಸೋಲಕ್ಕೆಂದು ಬ್ಯಾಂಕಿಗೆ, ಹೀಗೆ ರೈತನ ಓಡಾಟ ದಿನವೂ ಇದ್ದೇ ಇರುತ್ತದೆ. ಈ ಓಡಾಟದ ದೂರ ಹೆಚ್ಚಿನದಲ್ಲ. ಹೋಗಿ ಬರುವುದು ಸೇರಿ ಹತ್ತು, ಹದಿನೈದು, ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ಇಷ್ಟು ದೂರಕ್ಕೆ ಪೆಟ್ರೋಲು ಸುಡುವುದು ದುಬಾರಿ. ಬರಿಯ ಸೈಕಲ್ಲು ತುಳಿಯುವುದು ಬಿಸಿಲಿನಲ್ಲಿ ಆಯಾಸ. ಈ ಎರಡರ ನಡುವೆ ವಿದ್ಯುತ್ ಸೈಕಲ್ಲು ಒಂದು ಅನುಕೂಲವಾದ ಸಾಧನವಾಗಿ ಬಂದಿದೆ.

ಆದರೆ ಇದನ್ನು ಕೊಳ್ಳುವ ಮುನ್ನ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ವಿದ್ಯುತ್ ಸೈಕಲ್ಲಿಗೆ ಹಾಕುವ ಕರೆಂಟು ಅಗ್ಗ. ಅದರ ಬ್ಯಾಟರಿ ದುಬಾರಿ. ಲಾಭವೋ ನಷ್ಟವೋ ಎಂಬುದು ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂಬುದರ ಮೇಲೆಯೇ ನಿಂತಿದೆ.

ಖರ್ಚಿನ ಲೆಕ್ಕ

ಸಾಧಾರಣ ವಿದ್ಯುತ್ ಸೈಕಲ್ಲಿಗೆ 36 ವೋಲ್ಟಿನ, 10 ಆಂಪಿಯರ್-ಅವರ್ ಬ್ಯಾಟರಿ ಇದೆ ಎಂದು ಇಟ್ಟುಕೊಳ್ಳಿ. ಈ ಎರಡು ಸಂಖ್ಯೆಗಳನ್ನು ಗುಣಿಸಿದರೆ 360 ವಾಟ್-ಅವರ್ ಆಗುತ್ತದೆ. 1000 ವಾಟ್-ಅವರ್ ಎಂದರೆ ಮೀಟರಿನಲ್ಲಿ ಒಂದು ಯೂನಿಟ್ಟು. ಚಾರ್ಜರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೂ ಒಂದು ಸಲ ಪೂರ್ತಿ ತುಂಬಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ಬೇಕಾಗುವುದಿಲ್ಲ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಒಂದು ಚಾರ್ಜಿಗೆ 3 ರೂಪಾಯಿ. ಅಷ್ಟರಲ್ಲಿ ಸುಮಾರು 30 ಕಿ.ಮೀ. ಓಡಿದರೆ ಕಿಲೋಮೀಟರಿಗೆ 10 ಪೈಸೆ.

ಇನ್ನು ಬ್ಯಾಟರಿಯ ಲೆಕ್ಕ. ಅದರ ಬೆಲೆ 12,000 ರೂಪಾಯಿ ಎಂದು ಭಾವಿಸಿದರೆ, ಚೆನ್ನಾಗಿ ನೋಡಿಕೊಂಡ ಲಿಥಿಯಂ ಬ್ಯಾಟರಿ 500 ಪೂರ್ಣ ಚಾರ್ಜುಗಳಷ್ಟು ಬಾಳಿ 15,000 ಕಿ.ಮೀ. ಓಡಿಸುತ್ತದೆ. ಆಗ ಬ್ಯಾಟರಿಯ ಸವಕಳಿ ಕಿಲೋಮೀಟರಿಗೆ 80 ಪೈಸೆ. ಕರೆಂಟು ಸೇರಿ 90 ಪೈಸೆ. ಅದೇ ಬ್ಯಾಟರಿ ಅಲಕ್ಷ್ಯದಿಂದ 150 ಚಾರ್ಜಿಗೇ ಕೆಟ್ಟುಹೋದರೆ ಓಡಿದ್ದು 4,500 ಕಿ.ಮೀ. ಮಾತ್ರ. ಸವಕಳಿ ಕಿಲೋಮೀಟರಿಗೆ 2 ರೂಪಾಯಿ 67 ಪೈಸೆಗೆ ಏರುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ದ್ವಿಚಕ್ರ ವಾಹನಕ್ಕೆ, ಪೆಟ್ರೋಲು 100 ರೂಪಾಯಿ ಎಂದು ಹಿಡಿದರೆ, ಕಿಲೋಮೀಟರಿಗೆ ತಗಲುವ ಇಂಧನದ ಖರ್ಚು 2 ರೂಪಾಯಿ. ಅಂದರೆ ಬ್ಯಾಟರಿಯನ್ನು ಕೆಡಿಸಿಕೊಂಡ ರೈತನಿಗೆ ಪೆಟ್ರೋಲೇ ಅಗ್ಗವಾಗಿತ್ತು ಎಂದಾಗುತ್ತದೆ. ಬೆಲೆಗಳು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಎಂತಹ ಸೈಕಲ್ಲನ್ನು ಆರಿಸಬೇಕು?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದಂತೆ ತಯಾರಾಗಿ, ಅಧಿಕೃತ ಪರೀಕ್ಷಾ ಸಂಸ್ಥೆಯ ಮಾನ್ಯತೆ ಪಡೆದ ಬ್ಯಾಟರಿ ಸೈಕಲ್ಲನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಡ. ಆದರೆ ಹೆಚ್ಚು ವೇಗಕ್ಕೆಂದು ಮೋಟಾರನ್ನೋ ಬ್ಯಾಟರಿಯನ್ನೋ ಬದಲಾಯಿಸಿದರೆ ಈ ರಿಯಾಯಿತಿ ಉಳಿಯುವುದಿಲ್ಲ. ಅಪಘಾತವಾದಾಗ ರೈತನೇ ತೊಂದರೆಗೆ ಸಿಲುಕಬೇಕಾಗುತ್ತದೆ. ಕೊಳ್ಳುವಾಗ ಮಾನ್ಯತೆಯ ಪತ್ರ, ಬ್ಯಾಟರಿಯ ಖಾತರಿ ಚೀಟಿ, ಅದೇ ಬ್ಯಾಟರಿಗೆ ಹೊಂದುವ ಚಾರ್ಜರು, ಈ ಮೂರನ್ನೂ ಕೇಳಿ ಪಡೆಯಬೇಕು. ಬ್ಯಾಟರಿಯನ್ನು ಬೀಗ ತೆಗೆದು ಹೊರಗೆ ತೆಗೆಯಲು ಬರುವಂತಿರುವ ಮಾದರಿ ಈ ಸೀಮೆಗೆ ಹೆಚ್ಚು ಯೋಗ್ಯ. ಸೈಕಲ್ಲು ಬಿಸಿಲಿನಲ್ಲಿ ನಿಂತರೂ ಬ್ಯಾಟರಿಯನ್ನು ನೆರಳಿಗೆ ಒಯ್ಯಬಹುದು.

ಬ್ಯಾಟರಿಯ ಜಾತಿಯನ್ನು ತಿಳಿಯಿರಿ

ಎರೆ ಭೂಮಿಗೂ ಮಸಾರಿ ಭೂಮಿಗೂ ಒಂದೇ ಬಗೆಯ ಬೇಸಾಯ ಮಾಡುವ ರೈತ ಇಲ್ಲ. ಎರೆಯಲ್ಲಿ ತೇವ ನಿಲ್ಲುತ್ತದೆ, ಮಸಾರಿಯಲ್ಲಿ ಬೇಗ ಆರುತ್ತದೆ. ಅದಕ್ಕೆ ತಕ್ಕಂತೆ ಬಿತ್ತನೆ ಮಾಡುತ್ತಾರೆ. ಬ್ಯಾಟರಿಯ ವಿಷಯದಲ್ಲಿಯೂ ಹಾಗೆಯೇ. ಸೈಕಲ್ಲುಗಳಿಗೆ ಬರುವ ಬ್ಯಾಟರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಸೀಸ-ಆಮ್ಲದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ರೂಪಿಸಿದನು. ಟ್ರ್ಯಾಕ್ಟರಿನಲ್ಲಿ, ಮನೆಯ ಇನ್ವರ್ಟರಿನಲ್ಲಿ, ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಅನೇಕ ಬ್ಯಾಟರಿ ಸ್ಪ್ರೇಯರುಗಳಲ್ಲಿ ಇರುವುದು ಇದೇ ಜಾತಿ. ಬೆಲೆ ಕಡಿಮೆ, ಭಾರ ಹೆಚ್ಚು. 36 ವೋಲ್ಟಿಗೆ ಬೇಕಾಗುವ ಮೂರು ಬ್ಯಾಟರಿಗಳು ಸೇರಿ ಸುಮಾರು 12 ಕಿ.ಗ್ರಾಂ. ತೂಗುತ್ತವೆ. ಪೂರ್ತಿ ಬಳಸಿ ತುಂಬುತ್ತಿದ್ದರೆ 200ರಿಂದ 300 ಚಾರ್ಜು ಬಾಳುತ್ತದೆ.

ಎರಡನೆಯದು ಲಿಥಿಯಂ-ಅಯಾನ್ ಬ್ಯಾಟರಿ. ಇದು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಬೆಳವಣಿಗೆಗೆ ಕಾರಣರಾದ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಮೊಬೈಲ್ ಫೋನಿನಲ್ಲಿರುವುದೂ ಈ ಜಾತಿಯೇ. ಅಷ್ಟೇ ಶಕ್ತಿಗೆ ಇದರ ತೂಕ ಸುಮಾರು 3 ಕಿ.ಗ್ರಾಂ. ಮಾತ್ರ. ಬಾಳಿಕೆ 500 ಚಾರ್ಜು ಮತ್ತು ಅದಕ್ಕಿಂತ ಹೆಚ್ಚು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಒಳಜಾತಿ ಇನ್ನೂ ಹೆಚ್ಚು ಕಾಲ ಬಾಳುತ್ತದೆ.

ಇವೆರಡರ ಸ್ವಭಾವದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಸೀಸದ ಬ್ಯಾಟರಿ ಸದಾ ತುಂಬಿರಬೇಕು. ಖಾಲಿಯಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕುಳಿತು, ಮತ್ತೆ ಚಾರ್ಜು ಹಿಡಿಯದಂತೆ ಮಾಡುತ್ತದೆ. ಲಿಥಿಯಂ ಬ್ಯಾಟರಿಯಾದರೋ ಪೂರ್ತಿ ತುಂಬಿಯೂ ಇರಬಾರದು, ಪೂರ್ತಿ ಖಾಲಿಯೂ ಆಗಬಾರದು; ಅರ್ಧದ ಆಸುಪಾಸಿನಲ್ಲಿ ಇದ್ದಾಗ ಅದಕ್ಕೆ ಹೆಚ್ಚು ನೆಮ್ಮದಿ. ಟ್ರ್ಯಾಕ್ಟರು, ಸ್ಪ್ರೇಯರುಗಳಿಂದ ಕಲಿತ ಪದ್ಧತಿಯನ್ನು ಹಾಗೆಯೇ ಲಿಥಿಯಂ ಬ್ಯಾಟರಿಗೆ ಅನುಸರಿಸಿ, ತಿಂಗಳುಗಟ್ಟಲೆ ತುಂಬಿಟ್ಟು ಕೆಡಿಸಿಕೊಳ್ಳುವುದುಂಟು. ಹಾಗೆಯೇ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜು ಮಾಡಬೇಕು ಎಂಬ ನಂಬಿಕೆಯೂ ಇದೆ. ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಆ ಮಾತು ಈ ಎರಡು ಜಾತಿಗಳಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ. ಆದುದರಿಂದ ಬ್ಯಾಟರಿಯ ಮೈಮೇಲಿನ ಚೀಟಿಯನ್ನು ಓದಿ, ಅಥವಾ ಓದಿಸಿ, ಅದು ಯಾವ ಜಾತಿ ಎಂದು ಮೊದಲು ತಿಳಿಯಬೇಕು.

ಸವಾರಿಯ ಕ್ರಮ

ಬ್ಯಾಟರಿಯ ಪಾಲನೆ ಸವಾರಿಯಿಂದಲೇ ಆರಂಭವಾಗುತ್ತದೆ. ನಿಂತ ಸೈಕಲ್ಲನ್ನು ಎಬ್ಬಿಸುವಾಗ ಮೋಟಾರು ಅತಿ ಹೆಚ್ಚು ಕರೆಂಟನ್ನು ಎಳೆಯುತ್ತದೆ. ಆದುದರಿಂದ ಮೊದಲು ನಾಲ್ಕಾರು ಸುತ್ತು ಪೆಡಲ್ ತುಳಿದು, ಗಾಲಿ ಉರುಳಿದ ಮೇಲೆ ಮೋಟಾರಿನ ಸಹಾಯ ಪಡೆಯಬೇಕು. ದಿಬ್ಬ ಏರುವಾಗಲೂ ಕಾಲಿನ ಸಹಾಯ ನಿಲ್ಲಿಸಬಾರದು. ಸವಾರ ಮತ್ತು ಸೈಕಲ್ಲು ಸೇರಿ 100 ಕಿ.ಗ್ರಾಂ. ತೂಗಿದರೆ, 50 ಮೀಟರ್ ಎತ್ತರ ಏರಲು ಸುಮಾರು 14 ವಾಟ್-ಅವರ್ ಶಕ್ತಿ ಬೇಕು. ಮೋಟಾರಿನ ನಷ್ಟ ಸೇರಿಸಿದರೆ 20. ಸಮತಟ್ಟು ರಸ್ತೆಯಲ್ಲಿ ಒಂದೂವರೆ ಎರಡು ಕಿ.ಮೀ. ಓಡಿಸುವಷ್ಟು ಶಕ್ತಿ ಆ ಒಂದು ದಿಬ್ಬಕ್ಕೇ ಹೋಗುತ್ತದೆ.

ಎದುರು ಗಾಳಿಯೂ ದಿಬ್ಬಕ್ಕೆ ಸಮ. ಆಷಾಢದ ಗಾಳಿ ಈ ಬಯಲು ಸೀಮೆಯಲ್ಲಿ ಹೇಗೆ ಬೀಸುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅಂತಹ ದಿನ ವೇಗ ಇಳಿಸಿ ಹೋದರೆ ಬ್ಯಾಟರಿ ಊರು ಮುಟ್ಟಿಸುತ್ತದೆ. ವೇಗ ಏರಿಸಿದರೆ ನಡುದಾರಿಯಲ್ಲಿ ಕೈಬಿಡುತ್ತದೆ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಬರುವಾಗ ಎದುರಿಗಿರುತ್ತದೆ ಎಂಬುದನ್ನು ನೆನೆದು, ಅರ್ಧಕ್ಕಿಂತ ಹೆಚ್ಚು ಚಾರ್ಜು ಉಳಿದಿರುವಾಗಲೇ ಹಿಂದಿರುಗಬೇಕು.

ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ ದೂರ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಗಾಳಿ ನೋಡಿ, ಟಯರಿನ ಮೇಲೆ ಬರೆದಿರುವ ಒತ್ತಡಕ್ಕೆ ತುಂಬಿಸಬೇಕು. ಚೈನಿಗೆ ಎಣ್ಣೆ, ಬ್ರೇಕಿಗೆ ಬಿಗಿ, ಇವನ್ನು ಮರೆಯಬಾರದು. ಈ ಸೈಕಲ್ಲು ಸಾಧಾರಣ ಸೈಕಲ್ಲಿಗಿಂತ ಭಾರವಾದುದರಿಂದ ಮತ್ತು ಸದ್ದಿಲ್ಲದೆ ಬರುವುದರಿಂದ ಬ್ರೇಕು ಹಾಗೂ ಗಂಟೆ ಎರಡೂ ಸರಿಯಾಗಿರಲೇಬೇಕು. ಕತ್ತಲೆಯಲ್ಲಿ ದೀಪ, ಹಿಂದೆ ಕೆಂಪು ಬಿಲ್ಲೆ, ತಲೆಗೆ ಹೆಲ್ಮೆಟ್ ಇರಲಿ. ನಿಯಮ ಕೇಳದಿದ್ದರೂ ತಲೆ ರೈತನದೇ ಅಲ್ಲವೇ?

ಕ್ಯಾರಿಯರಿನ ಮೇಲೆ ತಯಾರಕರು ಹೇಳಿದ ತೂಕವನ್ನು ಮೀರಬಾರದು. ಮೆಕ್ಕೆಜೋಳದ ಚೀಲ ಹೇರುವುದಕ್ಕೆ ಇದು ತಕ್ಕ ವಾಹನವಲ್ಲ. ಯೂರಿಯಾ ಚೀಲವನ್ನಾಗಲಿ ಔಷಧಿಯ ಡಬ್ಬಿಯನ್ನಾಗಲಿ ಬ್ಯಾಟರಿಯ ಮೇಲೆ ಕಟ್ಟಬಾರದು. ಗೊಬ್ಬರದ ಉಪ್ಪು ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ. ಆ ನೀರು ಜೋಡಣೆಯ ತಾಮ್ರವನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಮಳೆಯಲ್ಲಿ ಓಡಿಸಬಹುದು, ಆದರೆ ಗಾಲಿಯ ನಡುವಿನ ಮೋಟಾರು ಮುಳುಗುವಷ್ಟು ನೀರಿರುವ ಹಳ್ಳಕ್ಕೆ ಇಳಿಸಬಾರದು. ತೊಳೆಯುವಾಗ ಪಂಪಿನ ಪೈಪು ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಚಾರ್ಜು ಮಾಡುವ ಕ್ರಮ

ಉಳುಮೆ ಮಾಡಿ ಬಂದ ಎತ್ತಿಗೆ ಬಂದ ಕೂಡಲೆ ಯಾರೂ ಮೇವು ಹಾಕುವುದಿಲ್ಲ. ನೆರಳಿಗೆ ಕಟ್ಟಿ, ಮೈ ಆರಿದ ಮೇಲೆ ಹಾಕುತ್ತಾರೆ. ಬಿಸಿಲಿನಲ್ಲಿ ಓಡಿ ಬಂದ ಬ್ಯಾಟರಿಗೂ ಇದೇ ಕ್ರಮ. ಲಿಥಿಯಂ ಬ್ಯಾಟರಿಯ ಒಳಗಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮೀರಿರುವಾಗ ಚಾರ್ಜು ಮಾಡುವುದು ಹಾನಿಕರ. ಮುಟ್ಟಿದರೆ ಕೈಗೆ ಬಿಸಿ ತಾಗುವಂತಿದ್ದರೆ ಒಂದು ಗಂಟೆಯಾದರೂ ನೆರಳಿನಲ್ಲಿಟ್ಟು, ಆಮೇಲೆ ಚಾರ್ಜರಿಗೆ ಜೋಡಿಸಬೇಕು.

ಲಿಥಿಯಂ ಬ್ಯಾಟರಿ ಕಾಲು ಭಾಗಕ್ಕೆ ಇಳಿಯುತ್ತಿದ್ದಂತೆ ಚಾರ್ಜು ಮಾಡುವುದು ಒಳ್ಳೆಯದು. ದಿನನಿತ್ಯದ ಸಣ್ಣ ಓಡಾಟಕ್ಕೆ ಐದು ದೀಪಗಳಲ್ಲಿ ನಾಲ್ಕು ಹೊತ್ತಿದರೆ ಸಾಕು. ಗಡಿಯಾರ ನೋಡಿಯೂ ಅಂದಾಜು ಮಾಡಬಹುದು. 2 ಆಂಪಿಯರಿನ ಚಾರ್ಜರು ಗಂಟೆಗೆ ಸುಮಾರು 2 ಆಂಪಿಯರ್-ಅವರ್ ತುಂಬುತ್ತದೆ. ಅರ್ಧ ಖಾಲಿಯಾದ 10 ಆಂಪಿಯರ್-ಅವರ್ ಬ್ಯಾಟರಿಗೆ ಎರಡು ಗಂಟೆ ಕೊಟ್ಟರೆ ಹತ್ತರಲ್ಲಿ ಒಂಬತ್ತು ಭಾಗ ತುಂಬಿದಂತೆ. ತಿಂಗಳಿಗೊಮ್ಮೆ ಮಾತ್ರ ಪೂರ್ತಿ ತುಂಬಿಸಿ ಓಡಿಸಬೇಕು. ಇದರಿಂದ ಒಳಗಿನ ಕೋಶಗಳೆಲ್ಲ ಸಮನಾಗುತ್ತವೆ. ಸೀಸದ ಬ್ಯಾಟರಿಯನ್ನಾದರೆ ಎಷ್ಟೇ ಕಡಿಮೆ ಓಡಿಸಿದ್ದರೂ ಅದೇ ದಿನ ಪೂರ್ತಿ ತುಂಬಿಸಬೇಕು. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಹೆಚ್ಚು.

ಚಾರ್ಜರುಗಳನ್ನು ಅದಲು ಬದಲು ಮಾಡಬಾರದು. 36 ವೋಲ್ಟಿನ ಸಾಮಾನ್ಯ ಲಿಥಿಯಂ ಬ್ಯಾಟರಿ 42 ವೋಲ್ಟಿಗೆ ತುಂಬುತ್ತದೆ. 36 ವೋಲ್ಟಿನದೇ ಆದ ಸೀಸದ ಬ್ಯಾಟರಿಯ ಚಾರ್ಜರು 43-44 ವೋಲ್ಟಿನವರೆಗೂ ಏರುತ್ತದೆ. ಪಿನ್ನು ಹೊಂದುತ್ತದೆ ಎಂದು ಅದನ್ನು ಇದಕ್ಕೆ ಹಾಕಿದರೆ ಬ್ಯಾಟರಿ ಕೆಡುವುದಷ್ಟೇ ಅಲ್ಲ, ಬೆಂಕಿಗೂ ಕಾರಣವಾಗಬಹುದು. ಚಾರ್ಜರಿನ ಮೇಲೆ ಬಣ್ಣದಿಂದ ಗುರುತು ಮಾಡಿಡುವುದು ಸುಲಭವಾದ ಉಪಾಯ. ಪಂಪ್‌ಸೆಟ್ಟಿನ ತಂತಿಗೆ ಕೊಕ್ಕೆ ಹಾಕಿ ಚಾರ್ಜು ಮಾಡುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು. ಅರ್ಥಿಂಗ್ ಇರುವ ಪ್ಲಗ್ಗಿನಲ್ಲಿಯೇ ಜೋಡಿಸಬೇಕು. ಗುಡುಗು ಸಿಡಿಲು ಕಂಡಾಗ ಚಾರ್ಜರನ್ನು ಕಿತ್ತಿಡಬೇಕು.

ಬೇಸಗೆಯ ಬಿಡುವಿನಲ್ಲಿ ಎಚ್ಚರಿಕೆ

ದುಡಿತಕ್ಕಿಂತ ಬಿಡುವಿನಲ್ಲಿಯೇ ಬ್ಯಾಟರಿ ಕೆಡುವ ಸಂಭವ ಹೆಚ್ಚು. ಸುಗ್ಗಿ ಮುಗಿದ ಮೇಲೆ, ವಿಶೇಷವಾಗಿ ಮಳೆ ಕೈಕೊಟ್ಟ ವರ್ಷ, ಈ ತಾಲ್ಲೂಕಿನ ಅನೇಕ ಕುಟುಂಬಗಳು ಕೂಲಿಗಾಗಿ ಮಲೆನಾಡಿಗೋ ಬೆಂಗಳೂರಿಗೋ ಹೋಗುತ್ತವೆ. ಸೈಕಲ್ಲು ಎರಡು ಮೂರು ತಿಂಗಳು ಮನೆಯಲ್ಲಿಯೇ ಉಳಿಯುತ್ತದೆ. ಅದೇ ಹೊತ್ತಿಗೆ ಏಪ್ರಿಲ್, ಮೇ ತಿಂಗಳ ಬಿಸಿಲು. ತಗಡಿನ ಮಾಡಿನ ಕೆಳಗೆ ಹೊರಗಿನ ನೆರಳಿಗಿಂತಲೂ ಕಾವು ಹೆಚ್ಚು. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗಳು ಕಾವು ಏರಿದಂತೆ ಚುರುಕಾಗುತ್ತವೆ; ಬಳಸದಿದ್ದರೂ ಅದು ಒಳಗೊಳಗೇ ಸವೆಯುತ್ತದೆ. ಪೂರ್ತಿ ತುಂಬಿಟ್ಟ ಲಿಥಿಯಂ ಬ್ಯಾಟರಿ ಕಾವಿನಲ್ಲಿ ಇನ್ನೂ ಬೇಗ ಸವೆಯುತ್ತದೆ.

ಖಾಲಿಯಾಗಿ ಬಿಟ್ಟರೆ ಅದಕ್ಕಿಂತಲೂ ಕೇಡು. ಲಿಥಿಯಂ ಬ್ಯಾಟರಿಯೊಳಗೆ ಕಾವಲುಗಾರನಂತೆ ಒಂದು ಸಣ್ಣ ಫಲಕವಿರುತ್ತದೆ; ರಿಪೇರಿಯವರು ಇದನ್ನು ಬಿ.ಎಂ.ಎಸ್. ಎನ್ನುತ್ತಾರೆ. ಸೈಕಲ್ಲು ನಿಂತಿದ್ದರೂ ಈ ಕಾವಲುಗಾರ ತೊಟ್ಟು ತೊಟ್ಟಾಗಿ ಕರೆಂಟು ಕುಡಿಯುತ್ತಿರುತ್ತಾನೆ. ಮೊದಲೇ ಖಾಲಿಯಾದ ಬ್ಯಾಟರಿ ಇದರಿಂದ ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿದು ಸತ್ತೇಹೋಗುತ್ತದೆ. ಅಂತಹುದನ್ನು ಬೇರೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು ಎಬ್ಬಿಸುವ ಸಾಹಸ ಮಾಡಬಾರದು. ಒಳಗೆ ತಾಮ್ರ ಕರಗಿ ಮತ್ತೆ ಕೂಡಿಕೊಂಡು ಶಾರ್ಟ್ ಆಗುವ ಅಪಾಯವಿದೆ.

ಆದುದರಿಂದ ಊರು ಬಿಡುವ ಮುನ್ನ ಲಿಥಿಯಂ ಬ್ಯಾಟರಿಯನ್ನು ಅರ್ಧಕ್ಕೆ ತಂದು, ಸೈಕಲ್ಲಿನಿಂದ ಬಿಚ್ಚಿ, ಮನೆಯೊಳಗಿನ ತಂಪಾದ, ಒಣಗಿದ ಜಾಗದಲ್ಲಿ ಇಡಬೇಕು. ಮಣ್ಣಿನ ಮಾಳಿಗೆ ಮನೆ ಇರುವವರಿಗೆ ಅದರ ಒಳಕೋಣೆಯೇ ಉತ್ತಮ. ಹಗೇವು ತಂಪಾದರೂ ಅಲ್ಲಿ ತೇವವಿರುತ್ತದೆ, ಉಸಿರುಗಟ್ಟುವ ಗಾಳಿಯೂ ಇರಬಹುದು, ಅಲ್ಲಿ ಇಡಬಾರದು. ಇಲಿ ಕಡಿಯದಂತೆ ತಂತಿಗಳನ್ನು ಸುತ್ತಿ ಮೇಲಿಡಬೇಕು. ತಿಂಗಳಿಗೊಮ್ಮೆ ದೀಪ ನೋಡಿ, ಒಂದಕ್ಕೆ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತುಂಬಲು ನೆರೆಯವರಿಗೋ ಮನೆಯಲ್ಲಿ ಉಳಿದ ಹಿರಿಯರಿಗೋ ಹೇಳಿ ಹೋಗಬೇಕು. ಸೀಸದ ಬ್ಯಾಟರಿಯಾದರೆ ಪೂರ್ತಿ ತುಂಬಿಟ್ಟು, ತಿಂಗಳಿಗೊಮ್ಮೆ ಮತ್ತೆ ಪೂರ್ತಿ ತುಂಬಿಸಬೇಕು.

ಬೆಂಕಿಯ ಎಚ್ಚರಿಕೆ

2022ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ ವಿದ್ಯುತ್ ದ್ವಿಚಕ್ರ ವಾಹನಕ್ಕೆ ಬೆಂಕಿ ಹತ್ತಿ, ತುಂಬಿಕೊಂಡ ಹೊಗೆಯಿಂದ ಉಸಿರುಗಟ್ಟಿ ತಂದೆ ಮತ್ತು ಮಗಳು ಪ್ರಾಣ ಬಿಟ್ಟರು. ಆ ವರ್ಷ ದೇಶದ ಬೇರೆ ಕಡೆಗಳಲ್ಲಿಯೂ ಇಂತಹ ಅವಘಡಗಳಾದ ಮೇಲೆ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಬೆಂಕಿ ಬೀಳುವುದು ವಿರಳ. ಆದರೆ ಹಳ್ಳಿಯ ಮನೆಯಲ್ಲಿ ಅದು ಬಿದ್ದರೆ ಹೊಟ್ಟು, ಮೇವು, ಗೋಣಿಚೀಲ, ದನ ಕರು ಎಲ್ಲವೂ ಒಂದೇ ಸೂರಿನಡಿ ಇರುವುದುಂಟು ಎಂಬುದನ್ನು ಮರೆಯಬಾರದು.

ಚಾರ್ಜು ಮಾಡುವುದು ಎಚ್ಚರವಿರುವಾಗ ಮಾತ್ರ. ಮಲಗಿದ ಮೇಲೆ ಬೇಡ. ಬ್ಯಾಟರಿಯನ್ನು ಹಾಸಿಗೆ, ಕೌದಿ, ಮರದ ಪೆಟ್ಟಿಗೆಗಳ ಮೇಲಿಡದೆ ಕಲ್ಲು ಚಪ್ಪಡಿಯ ಅಥವಾ ಸಿಮೆಂಟಿನ ನೆಲದ ಮೇಲಿಡಬೇಕು. ಬಣವೆ, ಕೊಟ್ಟಿಗೆ, ಅಡಿಗೆ ಒಲೆಗಳಿಂದ ದೂರವಿರಬೇಕು. ಹೊರಗೆ ಹೋಗುವ ಬಾಗಿಲಿಗೆ ಅಡ್ಡವಾಗಿ ಎಂದೂ ಇಡಬಾರದು. ಬೆಂಕಿ ಹತ್ತಿದರೆ ಮನೆಯವರಿಗೆ ದಾರಿಯೇ ಇಲ್ಲದಂತಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ, ಕೆಳಗೆ ಬಿದ್ದು ಒಡೆದಿದ್ದರೆ, ವಿಚಿತ್ರ ವಾಸನೆ ಬರುತ್ತಿದ್ದರೆ, ಕೈಯಿಡಲಾರದಷ್ಟು ಕಾಯುತ್ತಿದ್ದರೆ ಚಾರ್ಜು ಮಾಡಬಾರದು. ಮನೆಯಿಂದ ದೂರ ಬಯಲಿನಲ್ಲಿಟ್ಟು ಮಾರಿದವರಿಗೆ ತಿಳಿಸಬೇಕು. ಹೊಗೆ ಕಂಡರೆ ಮೊದಲು ಮಕ್ಕಳು ಮುದುಕರನ್ನು ಹೊರಗೆ ಕಳಿಸಬೇಕು. ಕೈಗೆಟಕುವಂತಿದ್ದರೆ ಮೈನ್ ಸ್ವಿಚ್ಚು ಆರಿಸಬೇಕು. 101 ಅಥವಾ 112ಕ್ಕೆ ಫೋನು ಮಾಡಬೇಕು. ಕರೆಂಟು ಆರಿಸಿದ್ದು ಖಚಿತವಾದ ಮೇಲೆ ಮಾತ್ರ, ದೂರ ನಿಂತು ಧಾರಾಳವಾಗಿ ನೀರು ಹಾಕಬಹುದು. ಆ ಹೊಗೆ ವಿಷಪೂರಿತ. ಬ್ಯಾಟರಿ ಉಳಿಸಲೆಂದು ಒಳಗೆ ನುಗ್ಗಬಾರದು. 12,000 ರೂಪಾಯಿಯ ವಸ್ತುವಿಗಾಗಿ ಪ್ರಾಣ ಒಡ್ಡುವುದು ವಿವೇಕವಲ್ಲ.

ಬಾಳಿಕೆ ಮುಗಿದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದಾಗಲಿ, ಸುಡುವುದಾಗಲಿ, ಒಡೆದು ಸೀಸ ತೆಗೆಯುವುದಾಗಲಿ ಮಾಡಬಾರದು. ತಿಪ್ಪೆಗೆ ಬಿದ್ದ ಸೀಸ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡುವ ಹೊಣೆ ತಯಾರಕರದು. ಮಾರಿದ ಅಂಗಡಿಗೇ ಅದನ್ನು ಒಪ್ಪಿಸಬೇಕು.

ವಿಸ್ತರಣಾ ಕಾರ್ಯಕರ್ತರು ಔಷಧಿ ಸಿಂಪರಣೆಯ ಪ್ರಾತ್ಯಕ್ಷಿಕೆಗೆ ಹೋದಾಗ ಸ್ಪ್ರೇಯರಿನ ಬ್ಯಾಟರಿಯನ್ನೇ ತೋರಿಸಿ ಈ ವಿಷಯ ತಿಳಿಸಬಹುದು. ಮನೆಯಲ್ಲಿ ಚಾರ್ಜು ಹಾಕುವವರಲ್ಲಿ ಹೆಂಗಸರೂ ಶಾಲೆಗೆ ಹೋಗುವ ಮಕ್ಕಳೂ ಇರಬಹುದು. ಆದುದರಿಂದ ಗಂಡಸರಿಗೆ ಮಾತ್ರ ಹೇಳಿ ಬಂದರೆ ಕೆಲಸ ಅರ್ಧವಾದಂತೆಯೇ.

ನೆನಪಿನಲ್ಲಿಡಬೇಕಾದ ಅಂಶಗಳು

1. ಬ್ಯಾಟರಿ ಯಾವ ಜಾತಿ ಎಂದು ತಿಳಿಯಿರಿ. ಸೀಸದ್ದು ತುಂಬಿರಲಿ, ಲಿಥಿಯಂ ಬಿಡುವಿನಲ್ಲಿ ಅರ್ಧವಿರಲಿ.

2. ಬಿಸಿಯಾದ ಬ್ಯಾಟರಿಯನ್ನು ಆರಿಸಿ, ಆಮೇಲೆ ಚಾರ್ಜು ಮಾಡಿ.

3. ಅದರದೇ ಚಾರ್ಜರನ್ನು ಬಳಸಿ. ಎಚ್ಚರವಿರುವಾಗ, ಗಟ್ಟಿ ನೆಲದ ಮೇಲೆ, ಬಾಗಿಲಿಗೆ ಅಡ್ಡವಾಗದಂತೆ ಚಾರ್ಜು ಮಾಡಿ.

4. ಪೆಡಲ್ ತುಳಿದು ಹೊರಡಿ. ದಿಬ್ಬದಲ್ಲಿ, ಎದುರು ಗಾಳಿಯಲ್ಲಿ ಮೋಟಾರಿಗೆ ಕಾಲು ಕೊಡಿ.

5. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬ್ಯಾಟರಿ ಬಿಡಬೇಡಿ. ಊರು ಬಿಡುವಾಗ ತಿಂಗಳಿಗೊಮ್ಮೆ ನೋಡುವವರನ್ನು ಗೊತ್ತುಮಾಡಿ.

ರೈತ ಬಾಂಧವರೇ, ಬೀಜವನ್ನು ಮುಂದಿನ ಬಿತ್ತನೆಯವರೆಗೆ ಹುಳು ಬೀಳದಂತೆ, ತೇವ ತಾಗದಂತೆ ಕಾಯ್ದಿಡುವ ಜಾಣ್ಮೆ ಈ ಸೀಮೆಯ ಮನೆಮನೆಯಲ್ಲಿಯೂ ಇದೆ. ಅದೇ ಜಾಣ್ಮೆಯನ್ನು ಬ್ಯಾಟರಿಗೂ ತೋರಿಸಿದರೆ ಮೃಗಶಿರ ಮಳೆಗೆ ಊರಿಗೆ ಮರಳಿದ ದಿನವೇ ಸೈಕಲ್ಲು ಹೊಲದ ದಾರಿ ಹಿಡಿಯಲು ಸಿದ್ಧವಿರುತ್ತದೆ.